ಅರ್ಧ ತಾಸಿನ ರೋಗಿ

ಬ್ಯಾಹಟ್ಟಿ
೨ ಮೇ ೧೯೬೩

ಗೆಳೆಯ ಗುಲಾಬಸಾಬನಿಗೆ ಕುಬೇರಪ್ಪನ ಶರಣು.

ನೀನು ಧಾರವಾಡದಲ್ಲಿ ಮಾಸ್ತರಿಕೆ ಮಾಡಿ ಮಾಡಿ ಬಂದ ಪತ್ರಕ್ಕೂ ಕೆಂಪು ಮಸಿ ಹಚ್ಚುವವನು. ಇದಕ್ಕೆ ಹಚ್ಚಬೇಡ, ತಪ್ಪನ್ನು ನಾನೇ ಹೇಳುವವನಿದ್ದೇನೆ. ದಿನವಿಡೀ ಅಂಗಡಿಯಲ್ಲಿ ಕುಳಿತು ಹತ್ತಿಯ ಮಾತಾಡುವ ನನಗೆ ಈ ಒಂದು ಮಾತು ಆಡಲು ಊರಲ್ಲಿ ಯಾರೂ ಇಲ್ಲ. ಹೆಂಡತಿ ಶಿವಲಿಂಗವ್ವನಿಗೂ ಹೇಳಿಲ್ಲ.

ನನ್ನ ಎದೆಯ ರೋಗ ನಿನಗೆ ಗೊತ್ತೇ ಇದೆ. ಸಾಲಿಗೆ ಹೋಗುವಾಗ ಕೀಲು ಬಾತು ಜ್ವರ ಬಂದಿತ್ತಲ್ಲ, ನೀನೇ ನನ್ನ ಪಾಟಿಚೀಲ ಹೊತ್ತುಕೊಂಡು ಬರುತ್ತಿದ್ದೆ, ಆ ಜ್ವರ ಎದೆಯೊಳಗಿನ ಒಂದು ಕವಾಟವನ್ನು ಬಿಗಿ ಮಾಡಿಟ್ಟು ಹೋಗಿದೆ. ಹುಬ್ಬಳ್ಳಿಯ ದೊಡ್ಡ ಡಾಕ್ಟರರು ಹೇಳುವ ಪ್ರಕಾರ ನನ್ನ ಎದೆಯ ಸಪ್ಪಳ ಪುಸ್ತಕದಲ್ಲಿ ಬರೆದ ಹಾಗೇ ಇದೆಯಂತೆ. ಅದಕ್ಕೇ ಡಾಕ್ಟರಿಕೆ ಓದುವ ಹುಡುಗರ ಕಡೆಯ ಪರೀಕ್ಷೆ ನಡೆಯುವಾಗ, ಏಪ್ರಿಲ್‌ಗೊಮ್ಮೆ ಅಕ್ಟೋಬರ್‌ಗೊಮ್ಮೆ, ನನಗೆ ಕರೆ ಬರುತ್ತದೆ. ಹೋಗಿ ಕಾಟಿನ ಮೇಲೆ ಮಲಗಬೇಕು. ಒಬ್ಬ ಹುಡುಗನಿಗೆ ಅರ್ಧ ತಾಸು. ಅಷ್ಟರಲ್ಲಿ ಅವನು ನನ್ನನ್ನು ಮಾತಾಡಿಸಿ, ಮುಟ್ಟಿ, ಎದೆ ಕೇಳಿ, ರೋಗ ಇಂಥದ್ದೆಂದು ಪರೀಕ್ಷಕರಿಗೆ ಹೇಳಬೇಕು. ರೋಗದ ಹೆಸರನ್ನು ನಾನು ಹೇಳುವಂತಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡಬೇಕು, ಅಷ್ಟೇ.

ಆದರೆ ನಾನು ಬಾಯಿ ಮುಚ್ಚಿಕೊಂಡು ಮಲಗುವವನೇ? ಹುಡುಗರು ಬೆವರುವುದನ್ನು ಕಂಡರೆ ಕರುಳು ಚುರ್ ಎನ್ನುತ್ತದೆ. "ಎಡಮಗ್ಗಲ ಹೊಳ್ಳಸ್ರಿ ನನ್ನ, ಅಲ್ಲೆ ಛಲೋ ಕೇಳಸ್ತೈತಿ" ಎಂದು ಪಿಸುಗುಟ್ಟುತ್ತೇನೆ. ಕೆಮ್ಮಿದಾಗ ರಕ್ತ ಬಿದ್ದಿತ್ತೇ ಎಂದು ಕೇಳಲು ಮರೆತರೆ ಸುಮ್ಮಸುಮ್ಮನೆ ಕೆಮ್ಮುತ್ತೇನೆ. "ಬ್ಯಾಹಟ್ಟಿ ಸಾವಕಾರ್ರ ಕಾಟ್ ಬಂದ್ರ ಪಾಸ್ ಆದಂಗ" ಎಂದು ಹುಡುಗರಲ್ಲಿ ನನ್ನ ಹೆಸರಿದೆ. ಹೊಗಳಿಕೆ ಯಾರಿಗೆ ಬೇಡ ಹೇಳು?

ಈ ಏಪ್ರಿಲ್‌ನಲ್ಲಿ ಒಬ್ಬ ಹುಡುಗ ಬಂದ. ಕೈ ಮುಗಿದ. ತನ್ನ ಹೆಸರನ್ನು ತಾನೇ ಮೊದಲು ಹೇಳಿದ, ಹಾಗೆ ಹೇಳಬೇಕೆಂದು ಅವರಿಗೆ ಕಲಿಸುತ್ತಾರಂತೆ.

"ನಾನು ಯಮನಪ್ಪ ರೀ. ಗಬ್ಬೂರದಾಂವ."

"ಗಬ್ಬೂರದಾಗ ಯಾರ ಪೈಕಿ?" ಎಂದೆ. ಬಾಯಿಗೆ ಬಂದ ರೂಢಿ.

"ಗಂಗಪ್ಪನ ಮಗಾ ರೀ. ಊರ ಹೊರಗಿನ ಕೇರಿ. ಈಗ ನಾವು ಬೌದ್ಧರಾಗೇವ್ರಿ."

ಅಷ್ಟೇ. ಜಗಳವಿಲ್ಲ, ಕೆಟ್ಟ ಮಾತಿಲ್ಲ. ಎದೆ ಕೇಳುವಾಗ ಲಿಂಗದ ಕರಡಿಗೆಯನ್ನು ನಾನು ಯಾವಾಗಲೂ ಬಲಗೈಯಲ್ಲಿ ಹಿಡಿದು ಮಗ್ಗುಲಿಗೆ ಸರಿಸುತ್ತೇನೆ. ಅವತ್ತು ಎಡಗೈ ಮುಷ್ಟಿಯಲ್ಲಿ ಹಿಡಿದು ಎದೆಯ ಮೇಲೇ ಇಟ್ಟುಕೊಂಡೆ. ಸಪ್ಪಳ ಕೇಳುವ ಜಾಗ ಅದೇ. ಸರಿಸಿರೆಂದು ಅವನು ಹೇಳಲಿಲ್ಲ. ನನ್ನ ಮುಷ್ಟಿಯ ಸುತ್ತಮುತ್ತ ಸ್ಟೆತಾಸ್ಕೋಪು ಇಟ್ಟು ಇಟ್ಟು ಕೇಳಿದ.

"ಕೆಮ್ಮಿದಾಗ ಎಂದಾರ ರಕ್ತ ಬಿದ್ದಿತ್ತೇನ್ರಿ?" ಎಂದ.

"ಇಲ್ಲ" ಎಂದೆ. ಲಗೂ ಎದ್ದು ಹೋಗಲಿ ಎಂದು.

ಪರೀಕ್ಷಕರು ಬಂದರು, ಹೊರಗಿನ ಊರಿನವರು. ಅದನ್ನೇ ಕೇಳಿದರು. ಅವರ ಮುಂದೆ ಬಾಯಿ ತಾನೇ ತೆರೆಯಿತು: "ಹೌದ್ರೀ ಸಾಹೇಬ್ರ, ಎರಡ ಸಲ ಬಿದ್ದೈತಿ." ಅವರು ಹುಡುಗನ ಕಡೆ ನೋಡಿ, ನನ್ನ ಕಡೆ ತಿರುಗಿ, "ಇವ್ರು ನಿಮಗ ಇದನ್ನ ಕೇಳಿದ್ರೇನು?" ಎಂದರು.

"ಕೇಳಲಿಲ್ರಿ."

ಗುಲಾಬ, ಆ ಹುಡುಗ "ಕೇಳಿದ್ನೆಲ್ರೀ" ಎಂದು ಒಂದು ಮಾತು ಅಂದಿದ್ದರೆ ನಾನೂ ಜಗಳಾಡಿ ಮರೆಯುತ್ತಿದ್ದೆ. ಅವನು ಸುಮ್ಮನೆ ನನ್ನ ಮುಖ ನೋಡಿದ.

ಮೊನ್ನೆ ವಾರ್ಡಿನ ಜವಾನ ಹುಲಗಪ್ಪ ಹತ್ತಿ ಪೇಟೆಯಲ್ಲಿ ಸಿಕ್ಕಿ ಹೇಳಿದ: ನನ್ನ ಕಾಟಿನ ಆರು ಹುಡುಗರಲ್ಲಿ ಐದು ಪಾಸು, ಒಬ್ಬ ನಪಾಸು. ಅವತ್ತಿನಿಂದ ಆ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ತಕ್ಕಡಿಗೆ ಹತ್ತಿ ಏರಿಸುತ್ತಿರುವಾಗ, ಹಾಡೇ ಹಗಲು, ಪಕ್ಕದಲ್ಲಿ ಯಾರೋ "ರಕ್ತ ಬಿದ್ದಿತ್ತೇನ್ರಿ?" ಎನ್ನುತ್ತಾರೆ. ತಿರುಗಿ ನೋಡಿದರೆ ಹಮಾಲ. ಮುಂಜಾನೆ ಪೂಜೆಗೆ ಕುಳಿತು ಲಿಂಗವನ್ನು ಎಡಗೈ ಅಂಗೈಯಲ್ಲಿ ಇಟ್ಟುಕೊಂಡರೆ ಬೆರಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ.

ಏನು ಮಾಡಲಿ?

ನಿನ್ನ
ಕುಬೇರಪ್ಪ


ಧಾರವಾಡ
೯ ಮೇ ೧೯೬೩

ಕುಬೇರಾ,

ಪತ್ರ ಮುಟ್ಟಿತು. ಕೆಂಪು ಮಸಿ ಹಚ್ಚಲಿಲ್ಲ.

ನಾವು ನಾಲ್ಕನೆಯ ಇಯತ್ತೆಯಲ್ಲಿದ್ದಾಗ, ಲಿಂಗ ಕಟ್ಟಿಕೊಂಡವರಿಗೆ ಜಾತಿಯಿಲ್ಲ ಎಂದು ನನಗೆ ದಿನಾ ಹೇಳುತ್ತಿದ್ದವನು ನೀನೇ. ನಾನು ನಂಬಿ ನಮ್ಮ ಅವ್ವನ ಮುಂದೆ ಹೇಳಿದ್ದೆ. ಅವಳು, "ಹಂಗಾರ ನಾಳಿ ಊಟಕ್ಕ ಕರಕೊಂಡ ಬಾ ಅವನ್ನ" ಎಂದಳು. ನೀನು ಬರಲಿಲ್ಲ. ನೆನಪಿದೆಯೇ? ನನಗಿದೆ.

ಇಷ್ಟು ವರ್ಷ ಎಷ್ಟೊಂದು ಹುಡುಗರು ನಿನ್ನ ಎದೆ ಕೇಳಿದರು, ಒಳಗಿದ್ದದ್ದು ಒಬ್ಬರಿಗೂ ಕೇಳಿಸಲಿಲ್ಲ ನೋಡು.

ಏನು ಮಾಡಲಿ ಎಂದು ಕೇಳಿದ್ದೀಯ. ಆ ಹುಡುಗನಿಗೆ ಬರೆ. ನಾನು ಸುಳ್ಳು ಹೇಳಿದೆ ಎಂದು ಬರೆ. ಒಂದು ಕಾರ್ಡು ಸಾಕು.

ಗುಲಾಬಸಾಬ


ಬ್ಯಾಹಟ್ಟಿ
೧೪ ಮೇ ೧೯೬೩

ಶ್ರೀ ಯಮನಪ್ಪನವರಿಗೆ, ಬ್ಯಾಹಟ್ಟಿಯ ಕುಬೇರಪ್ಪನ ಶರಣು.

ನನ್ನ ನೆನಪು ನಿಮಗೆ ಇರಬಹುದು. ಏಪ್ರಿಲ್ ಪರೀಕ್ಷೆಯಲ್ಲಿ ನಿಮ್ಮ ಪಾಲಿಗೆ ಬಂದಿದ್ದ ಎದೆರೋಗದ ಮನುಷ್ಯ ನಾನು. ಹಾಸ್ಟೆಲಿನ ವಿಳಾಸವನ್ನು ವಾರ್ಡಿನ ಹುಲಗಪ್ಪ ಕೊಟ್ಟ. ನೀವು ಮತ್ತೆ ಅಕ್ಟೋಬರ್‌ನಲ್ಲಿ ಕೂಡುವವರಿದ್ದೀರಿ ಎಂದು ಅವನೇ ಹೇಳಿದ. ಕೇಳಿ ಬಹಳ ಕೆಟ್ಟದೆನಿಸಿತು.

ನಾನು ಡಾಕ್ಟರಿಕೆ ಓದಿದವನಲ್ಲ, ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸು ಮಾಡಿ ಹತ್ತಿ ವ್ಯಾಪಾರಕ್ಕೆ ಬಿದ್ದವನು. ಆದರೆ ನಿಮ್ಮ ಪರೀಕ್ಷೆಯನ್ನು ಕಾಟಿನ ಮೇಲಿನಿಂದ ನೋಡಿ ನೋಡಿ ಕೆಲವು ಸಂಗತಿ ತಿಳಿದಿವೆ. ಹುಡುಗರು ಪುಸ್ತಕಕ್ಕೆ ದಿನಕ್ಕೆ ಹತ್ತು ತಾಸು ಕೊಡುತ್ತಾರೆ, ರೋಗಿಯನ್ನು ಮಾತಾಡಿಸಲು ಹತ್ತು ನಿಮಿಷ ಕೊಡುವುದಿಲ್ಲ. ಪರೀಕ್ಷೆ ಬಂತೆಂದರೆ ಬಾಯಿಂದ ಮಾತೇ ಹೊರಡುವುದಿಲ್ಲ. ಇನ್ನು ಐದು ತಿಂಗಳಿದೆ. ದಿನದಲ್ಲಿ ಯಾವ ಹೊತ್ತು ಯಾವುದಕ್ಕೆ ಎಂದು ಒಂದು ಪಟ್ಟಿ ಹಾಕಿಕೊಳ್ಳಿ. ಬೇಕಾದರೆ ನನಗೆ ಬರೆದು ತಿಳಿಸಿ. ರೋಗಿಯಾಗಿ ಅನಿಸಿದ್ದನ್ನು ಹೇಳುತ್ತೇನೆ. ನನ್ನ ಮೇಲೆ ಮತ್ತೆ ಮತ್ತೆ ರೂಢಿ ಮಾಡಿಕೊಳ್ಳುವುದಿದ್ದರೂ ನಾನು ತಯಾರು.

ಇನ್ನೊಂದು ಮಾತು ಬರೆಯಬೇಕೆಂದಿದ್ದೆ. ಜಾಗ ಮುಗಿಯಿತು.

ಹಿತೈಷಿ
ಕುಬೇರಪ್ಪ


ಹಾಸ್ಟೆಲ್, ಹುಬ್ಬಳ್ಳಿ
೨೭ ಮೇ ೧೯೬೩

ಶ್ರೀ ಕುಬೇರಪ್ಪನವರಿಗೆ ನಮಸ್ಕಾರ.

ನಿಮ್ಮ ನೆನಪಿದೆ. ಪತ್ರ ಬರೆದದ್ದಕ್ಕೆ ಕೃತಜ್ಞ.

ಪಟ್ಟಿ ಹಾಕಿಕೊಂಡಿದ್ದೇನೆ. ಮುಂಜಾನೆ ಆರರಿಂದ ಏಳೂವರೆ ವಾರ್ಡಿನಲ್ಲಿ ದಿನಕ್ಕೊಬ್ಬ ಹೊಸ ರೋಗಿ. ಆ ಹೊತ್ತಿಗೆ ಅವರಿಗೆ ಚಹ ಸಿಕ್ಕಿರುತ್ತದೆ, ಡಾಕ್ಟರರು ಇನ್ನೂ ಬಂದಿರುವುದಿಲ್ಲ, ಮಾತಾಡುತ್ತಾರೆ. ಆಮೇಲೆ ಮಧ್ಯಾಹ್ನದ ತನಕ ಹೊರರೋಗಿಗಳ ಕೋಣೆಯಲ್ಲಿ ನಮ್ಮ ಪ್ರೊಫೆಸರರ ಹಿಂದೆ ನಿಂತು, ಅವರು ಏನು ಕೇಳುತ್ತಾರೆ ಎಂಬುದಕ್ಕಿಂತ ಹೇಗೆ ಕೇಳುತ್ತಾರೆ ಎಂಬುದನ್ನು ನೋಡುತ್ತೇನೆ. ಊಟವಾದ ಮೇಲೆ ಮೂರು ತಾಸು ಓದು. ಸಂಜೆ ಐದರಿಂದ ಆರು, ಕೋಣೆಯ ಗೆಳೆಯನನ್ನು ಮಲಗಿಸಿ ರೂಢಿ. ಅವನಿಗೆ ಯಾವ ರೋಗವೂ ಇಲ್ಲ, ಐದು ನಿಮಿಷಕ್ಕೇ ಗೊರಕೆ ಹೊಡೆಯುತ್ತಾನೆ.

ಪರೀಕ್ಷೆಯ ಅರ್ಧ ತಾಸನ್ನು ಮೊದಲು ಹೀಗೆ ಹಂಚಿಕೊಂಡಿದ್ದೆ: ಕೇಳುವುದಕ್ಕೆ ಹನ್ನೆರಡು ನಿಮಿಷ, ಮುಟ್ಟಿ ನೋಡುವುದಕ್ಕೆ ಹನ್ನೆರಡು, ಜೋಡಿಸಿಕೊಂಡು ಹೇಳಲು ಆರು. ಈಗ ಕೇಳುವುದಕ್ಕೇ ಇಪ್ಪತ್ತು ನಿಮಿಷ ಇಟ್ಟಿದ್ದೇನೆ. ಕಾರಣ ನಿಮಗೆ ಗೊತ್ತಿರಬಹುದು. ಏಪ್ರಿಲ್‌ನಲ್ಲಿ ರಕ್ತದ ಪ್ರಶ್ನೆ ಕೇಳಿದೆನೆಂದು ನನ್ನ ನೆನಪು. ಕೇಳಲಿಲ್ಲವೆಂದು ಪರೀಕ್ಷಕರ ಟಿಪ್ಪಣಿ. ಹಾಗಾದರೆ ಕೇಳಿದ್ದು ನನಗೆ ಮಾತ್ರ ಕೇಳಿಸಿತೋ ಏನೋ. ಅದಕ್ಕೆ ಈಗ ಪ್ರತಿ ಪ್ರಶ್ನೆಯನ್ನೂ ಮೂರು ಸಲ, ಮೂರು ಬಗೆಯಲ್ಲಿ ಕೇಳುತ್ತೇನೆ.

ನಿಮಗೆ ಅವತ್ತಿನ ನೆನಪು ಇದ್ದರೆ ಬರೆಯಿರಿ.

ನನ್ನ ವಿದ್ಯಾರ್ಥಿವೇತನ ಅಕ್ಟೋಬರ್‌ತನಕ ಮಾತ್ರ. ಅಪ್ಪ ಕೇಳಿದಾಗ, "ಒಂದ ವಿಷಯ ಉಳದೈತಿ" ಎಂದಿದ್ದೇನೆ. "ಒಂದ ಅಲ್ಲೇನು" ಎಂದು ಅವನು ಕೇರಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾನೆ. ಈ ಸಲ ಆಗದಿದ್ದರೆ ಡಾಕ್ಟರನಾಗುವುದು ಇಲ್ಲಿಗೇ ಮುಗಿಯಿತು.

ವಿಶ್ವಾಸಿ
ಯಮನಪ್ಪ


ಬ್ಯಾಹಟ್ಟಿ
೧೧ ಜೂನ್ ೧೯೬೩

ಶ್ರೀ ಯಮನಪ್ಪನವರಿಗೆ ಶರಣು.

ನಿಮ್ಮ ಪತ್ರ ಬಂದು ವಾರವಾಯಿತು. ನಾಲ್ಕು ಸಲ ಓದಿದೆ. ಉತ್ತರ ಬರೆಯಲು ಕುಳಿತಾಗಲೆಲ್ಲ ಅಂಗಡಿಗೆ ಯಾರಾದರೂ ಬರುತ್ತಾರೆ.

ನಿಮ್ಮ ಪಟ್ಟಿ ಛಲೋ ಇದೆ. ಇಪ್ಪತ್ತು ನಿಮಿಷ ಮಾತ್ರ ಸರಿಯಲ್ಲ. ರೋಗಿ ಎನ್ನುವವನು ಮೊದಲು ಐದು ನಿಮಿಷ ಸಂಕೋಚ ಪಡುತ್ತಾನೆ, ಆಮೇಲೆ ಐದು ನಿಮಿಷ ಬೇಕಾದ್ದು ಹೇಳುತ್ತಾನೆ, ಅದರ ಮೇಲೆ ತನ್ನ ಬೀಗರ ಸುದ್ದಿಗೆ ಇಳಿಯುತ್ತಾನೆ. ಹನ್ನೆರಡೇ ಸಾಕು. ಮೂರು ಸಲ ಕೇಳಿದರೆ ಇವನಿಗೆ ನನ್ನ ಮೇಲೆ ಸಂಶಯವೆಂದು ಸಿಟ್ಟಿಗೇಳುತ್ತಾನೆ. ಒಂದು ಸಲ ಕೇಳಿ, ಮುಖ ನೋಡಿ, ಮುಂದೆ ಹೋಗಿರಿ.

ಅವತ್ತಿನದು ಕೇಳಿದ್ದೀರಿ. ನನಗೆ ವಯಸ್ಸು ಐವತ್ತಾಯಿತು. ಅವತ್ತು ಆರು ಹುಡುಗರು ಬಂದಿದ್ದರು. ಯಾರು ಏನು ಕೇಳಿದರೆಂದು ಬೇರೆ ಮಾಡಿ ಹೇಳುವುದು ಕಷ್ಟ.

ಪ್ರತಿ ಶನಿವಾರ ನಾನು ಹುಬ್ಬಳ್ಳಿ ಪೇಟೆಗೆ ಬರುತ್ತೇನೆ. ಅಡತಿ ಅಂಗಡಿಯ ಹಿಂದೆ ಹತ್ತಿ ತುಂಬಿಡುವ ವಖಾರಿ ಇದೆ, ಮಳೆಗಾಲದಲ್ಲಿ ಹತ್ತಿ ಕಡಿಮೆ, ಗದ್ದಲವಿರುವುದಿಲ್ಲ. ನಾಲ್ಕು ಗಂಟೆಗೆ ಬನ್ನಿರಿ. ಗಡಿಯಾರ ಇಟ್ಟುಕೊಂಡು ಅರ್ಧ ತಾಸಿನ ಪರೀಕ್ಷೆಯನ್ನು ನನ್ನ ಮೇಲೇ ಮಾಡಿರಿ.

ಹಿತೈಷಿ
ಕುಬೇರಪ್ಪ


ಬ್ಯಾಹಟ್ಟಿ
೪ ಆಗಸ್ಟ್ ೧೯೬೩

ಗುಲಾಬ,

ಬರೆದೆಯೋ ಇಲ್ಲವೋ ಎಂದು ಮೂರು ಕಾರ್ಡು ಹಾಕಿದ್ದೀಯ. ಬರೆದೆ. ಅದನ್ನು ಬಿಟ್ಟು ಉಳಿದದ್ದೆಲ್ಲ ಬರೆದೆ.

ಹುಡುಗ ವಖಾರಿಗೆ ಬರುತ್ತಿದ್ದಾನೆ. ಐದು ಶನಿವಾರ ಆದವು. ಹತ್ತಿ ಅಂಡಿಗೆಗಳನ್ನು ಜೋಡಿಸಿ ಮೇಲೆ ಜಮಖಾನೆ ಹಾಸಿ ನಾನು ಮಲಗುತ್ತೇನೆ. ಮೊದಲ ದಿನ ಚಹ ತರಿಸಿದೆ. ಅಂಗಡಿಯ ಆಳು ಒಂದು ಕಪ್ಪನ್ನು ನನ್ನ ಕೈಗೆ ಕೊಟ್ಟ, ಇನ್ನೊಂದನ್ನು ಹೊಸ್ತಿಲ ಹೊರಗಿಟ್ಟು ಹೋದ. ನಾನೇ ಎದ್ದು ಒಳಗೆ ತಂದು ಕೊಟ್ಟೆ. ತಂದು ಕೊಟ್ಟಿದ್ದನ್ನು ದೊಡ್ಡ ಉಪಕಾರವೆಂದು ಮನಸ್ಸಿನಲ್ಲೇ ಎಣಿಸಿಕೊಂಡೆ. ಹುಡುಗ ಕುಡಿದು, ಕಪ್ಪನ್ನು ತಾನೇ ತೊಳೆದಿಟ್ಟ. ಎರಡನೆಯ ವಾರದಿಂದ "ಚಹಾ ಕುಡದ ಬಂದೇನ್ರಿ" ಎನ್ನುತ್ತಾನೆ.

ಈಗ ನಾನು ಅಂಗಿ ಬಿಚ್ಚಿ, ಕರಡಿಗೆಯನ್ನು ಬಲಗೈಯಲ್ಲಿ ಹಿಡಿದು ದೂರ ಸರಿಸಿ, ಎಡಮಗ್ಗುಲಾಗಿ ಕಾಯುತ್ತೇನೆ. ಆದರೆ ಅವನು ಎದೆಯ ತನಕ ಬರುವುದೇ ಇಲ್ಲ! ಕೇಳುವುದರಲ್ಲೇ ಹೊತ್ತು ಮುಗಿಯುತ್ತದೆ. ಏರು ಹತ್ತಿದರೆ ತೇಕು ಬರುತ್ತದೆಯೇ ಎನ್ನುತ್ತಾನೆ. ಬರುತ್ತದೆ ಎಂದರೆ, ಮೆಟ್ಟಿಲು ಹತ್ತಿದರೆ ಎನ್ನುತ್ತಾನೆ. ಆಮೇಲೆ, ಗುಡ್ಡ ಹತ್ತಿದರೆ ಎನ್ನುತ್ತಾನೆ.

"ಬ್ಯಾಹಟ್ಟ್ಯಾಗ ಗುಡ್ಡ ಎಲ್ಲೈತಪಾ? ನನ್ನ ಹೆಂಡತಿನೂ ನನಗ ಇಷ್ಟ ಕೇಳಿಲ್ಲ" ಎಂದೆ. ನಕ್ಕ. ನಕ್ಕಾಗ ಸಣ್ಣ ಹುಡುಗನ ಹಾಗೆ ಕಾಣುತ್ತಾನೆ. ಆ ನಗು ನೋಡಿ, ಈಗ ಹೇಳಿಬಿಡೋಣ ಎಂದುಕೊಂಡೆ.

ಅಷ್ಟರಲ್ಲಿ ಅವನು ಕೇಳಿದ, "ಕೆಮ್ಮಿದಾಗ ಎಂದಾರ ರಕ್ತ ಬಿದ್ದಿತ್ತೇನ್ರಿ?"

ಪೇಟೆಯಲ್ಲಿ, ಪೂಜೆಯಲ್ಲಿ ಕೇಳುತ್ತಿದ್ದ ಅದೇ ದನಿ, ಗುಲಾಬ. ಈ ಸಲ ತಿರುಗಿ ನೋಡಿದರೆ ಆ ದನಿಯ ಮನುಷ್ಯ ಅಲ್ಲೇ ಕುಳಿತಿದ್ದ.

"ಎರಡ ಸಲ ಬಿದ್ದೈತಿ" ಎಂದೆ.

"ಖರೇ ಬಿದ್ದೈತೇನ್ರಿ?"

"ಖರೇ."

"ಬ್ಯಾರೇದಾವ್ರು ಕೇಳಿದ್ರ ಬ್ಯಾರೆ ಹೇಳೂದಿಲ್ಲಲ್ರೀ?"

ಪೆನ್ಸಿಲ್ ಹಿಡಿದುಕೊಂಡು ಕಾದ. ಗೋಡೆಯ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ನನ್ನ ಎದೆಯೊಳಗಿನ ಬಿಗಿದ ಬಾಗಿಲು ಗುರ್ ಗುರ್ ಎನ್ನುವುದು ನನಗೇ ಕೇಳುತ್ತಿತ್ತು. ನಾನು ಹೇಳಿದ್ದು ಏನು ಗೊತ್ತೇ?

"ಕೇಳೂದಕ್ಕ ಭಾಳ ಹೊತ್ತ ಹಿಡದ್ರಿ. ಅದನ್ನ ಹನ್ನೆರಡ ನಿಮಿಷಕ್ಕ ತರ್ರಿ."

"ಹೂಂ ರೀ" ಎಂದು ಬರೆದುಕೊಂಡ. ಅರ್ಧ ತಾಸು ಮುಗಿದಿತ್ತು. ಸ್ಟೆತಾಸ್ಕೋಪು ಚೀಲದಿಂದ ಹೊರಗೇ ಬಂದಿರಲಿಲ್ಲ.

ಅವನ ಹೊತ್ತನ್ನು ತಿನ್ನುತ್ತಿರುವುದು ನನ್ನ ಸುಳ್ಳು. ಅವನು ಸರಿಯಾಗಿಯೇ ಕೇಳಿದ್ದ ಎಂದು ಒಂದು ಮಾತು ಹೇಳಿದರೆ ಆ ಎಂಟು ನಿಮಿಷ ಅವನಿಗೆ ಹಿಂದೆ ಬರುತ್ತವೆ. ಗೊತ್ತಿದ್ದೂ ನಾಲಿಗೆ ಏಳುವುದಿಲ್ಲ. ಸುಳ್ಳು ಹೇಳಿದೆ ಎಂದರೆ, ಯಾಕೆ ಹೇಳಿದಿರಿ ಎನ್ನುತ್ತಾನೆ. ಅದಕ್ಕೆ ಏನು ಹೇಳಲಿ?

ಶ್ರಾವಣದ ಪುರಾಣ ಕೇಳಲು ಮಠಕ್ಕೆ ಹೋಗಿದ್ದೆ. ಶಾಸ್ತ್ರಿಗಳು ಓದುತ್ತಿದ್ದದ್ದು ಒಂದಾದರೆ ನನಗೆ ಕೇಳಿಸುತ್ತಿದ್ದದ್ದು ಇನ್ನೊಂದು. ನಡುವೆಯೇ ಎದ್ದು ಬಂದೆ. ಶಿವಲಿಂಗವ್ವ, "ಯಾರ ಕರದ್ರ ನಿಮ್ಮನ್ನ?" ಎಂದು ಬೆನ್ನು ಹತ್ತಿ ಬಂದಳು.

ಕುಬೇರಪ್ಪ


ಹಾಸ್ಟೆಲ್, ಹುಬ್ಬಳ್ಳಿ
೧೦ ಸೆಪ್ಟೆಂಬರ್ ೧೯೬೩

ಶ್ರೀ ಕುಬೇರಪ್ಪನವರಿಗೆ ನಮಸ್ಕಾರ.

ಇನ್ನು ಶನಿವಾರ ಬರಲಾಗುವುದಿಲ್ಲ. ಪರೀಕ್ಷೆಗೆ ಐದು ವಾರ ಉಳಿದಿವೆ. ಪಟ್ಟಿಯನ್ನು ಮತ್ತೆ ಬರೆದಿದ್ದೇನೆ. ಮುಂಜಾನೆಯ ಒಬ್ಬ ರೋಗಿ ಈಗ ಇಬ್ಬರಾದರು. ಓದನ್ನು ಎರಡು ತಾಸಿಗೆ ಇಳಿಸಿದೆ. ಭಾನುವಾರ ಮಧ್ಯಾಹ್ನ ಗಬ್ಬೂರಿಗೆ ಹೋಗಿ ಬರುತ್ತಿದ್ದುದನ್ನು ಬಿಟ್ಟೆ. ಆ ಹೊತ್ತಿಗೆ ಗೆಳೆಯನನ್ನು ಪರೀಕ್ಷಕನ ಹಾಗೆ ಕೂಡಿಸಿ, ಎದುರು ನಿಂತು ಬಾಯಿಬಿಟ್ಟು ಹೇಳುವ ರೂಢಿ ಮಾಡುತ್ತೇನೆ.

ಕೇಳುವುದು ಇನ್ನೂ ಹನ್ನೆರಡಕ್ಕೆ ಇಳಿದಿಲ್ಲ, ಹದಿನೇಳಿದೆ. ಮೊನ್ನೆ ವಾರ್ಡಿನಲ್ಲಿ ಒಬ್ಬ ಅಜ್ಜ, "ಮೂರ ಸಲ ಹೇಳಿದ್ನೆಲ್ಲೋ, ನಿನಗ ಕಿವಿ ಇಲ್ಲೇನು?" ಎಂದು ಮಗ್ಗುಲು ತಿರುಗಿಸಿ ಮಲಗಿದ. ಅವನು ಹೇಳಿದ್ದು ಸರಿ. ಉತ್ತರ ಕಿವಿಗೆ ಬೀಳುತ್ತದೆ, ಬಿದ್ದದ್ದನ್ನು ನಂಬಲು ಆಗುವುದಿಲ್ಲ.

ನಿಮಗೆ ಬರೆಯುವಂಥದ್ದು ಏನಾದರೂ ಇದ್ದರೆ ಪರೀಕ್ಷೆಗಿಂತ ಮೊದಲು ಬರೆಯಿರಿ. ಆಮೇಲೆ ಬರೆದರೆ ನನಗೆ ಉಪಯೋಗವಿಲ್ಲ.

ಹೋದ ಶನಿವಾರ ನಿಮ್ಮ ಪಾದಗಳು ಸ್ವಲ್ಪ ಬಾತಿದ್ದವು. ನೀವು ಹೇಳಲಿಲ್ಲ, ನಾನು ಕೇಳಲಿಲ್ಲ. ತೋರಿಸಿಕೊಳ್ಳಿರಿ.

ಯಮನಪ್ಪ


ಬ್ಯಾಹಟ್ಟಿ
೨ ಅಕ್ಟೋಬರ್ ೧೯೬೩

ಶ್ರೀ ಯಮನಪ್ಪನವರಿಗೆ ಶರಣು.

ಧೈರ್ಯದಿಂದ ಪರೀಕ್ಷೆಗೆ ಕೂಡಿರಿ. ಹಿಂದಿನ ದಿನ ಪುಸ್ತಕ ಮುಟ್ಟಬೇಡಿರಿ. ಮುಂಜಾನೆ ಹೊಟ್ಟೆ ತುಂಬ ತಿಂದು ಹೋಗಿರಿ. ನನಗೂ ಕರೆ ಬಂದಿದೆ, ಬರುತ್ತೇನೆ. ನಿಮ್ಮ ಪಾಲಿಗೆ ನಾನೇ ಬಂದರೆ ಚಿಂತೆಯಿಲ್ಲ.

ನಿಮಗೆ ಒಳ್ಳೆಯದಾಗಲೆಂದು ದಿನಾ ಬೇಡಿಕೊಳ್ಳುತ್ತೇನೆ.

ಕುಬೇರಪ್ಪ


ಬ್ಯಾಹಟ್ಟಿ
೨೦ ಅಕ್ಟೋಬರ್ ೧೯೬೩

ಗುಲಾಬ,

ಹೇಳಿದೆ. ಹೇಳಬಾರದ ಹೊತ್ತಿನಲ್ಲಿ ಹೇಳಿದೆ.

ಪರೀಕ್ಷೆಯ ದಿನ ನನ್ನ ಕಾಟಿಗೆ ಬೇರೆ ಹುಡುಗ ಬಿದ್ದ. ಯಮನಪ್ಪನಿಗೆ ಪಕ್ಕದ ಕಾಟು. ಅಲ್ಲಿ ತಾಜಬಿ ಎಂಬ ಹೆಂಗಸು, ಹೊಟ್ಟೆಯಲ್ಲಿ ಗಡ್ಡೆಯಂಥದ್ದು ಕೈಗೆ ಹತ್ತುತ್ತದೆಯಂತೆ. ನಡುವೆ ಒಂದು ಬಿಳಿ ಪರದೆ, ಅದೂ ಅರ್ಧ ಸರಿದಿತ್ತು. ಅವನು ಕೈ ಮುಗಿದದ್ದು ಕಾಣಿಸಿತು, ತನ್ನ ಹೆಸರು ಹೇಳಿದ್ದು ಕೇಳಿಸಿತು. ಯಾರ ಪೈಕಿ ಎಂದು ಆ ಹೆಂಗಸು ಕೇಳಲಿಲ್ಲ.

ನನ್ನ ಕಾಟಿನ ಹುಡುಗ ಮೊದಲೇ ಎಲ್ಲ ತಿಳಿದುಕೊಂಡು ಬಂದವನು. "ಸಾವಕಾರ್ರ, ಎಲ್ಲಿ ಕೇಳಸ್ತೈತಿ ಹೇಳ್ರಲಾ, ಲಗೂ ಮುಗಸೂಣು" ಎಂದು ಕಣ್ಣು ಹೊಡೆದ. ಬೆರಳಿಟ್ಟು ತೋರಿಸಿದೆ. ನನ್ನ ರೂಢಿ ಅದೇ ಅಲ್ಲವೇ?

ಪರೀಕ್ಷಕರು ಬಂದರು, ಏಪ್ರಿಲ್‌ನವರೇ. ಎಲ್ಲ ಹೇಳಿಸಿಕೊಂಡು ಕೊನೆಗೆ ನನ್ನ ಕಡೆ ತಿರುಗಿ, "ರಕ್ತದ್ದ ಇವ್ರು ಕೇಳಿದ್ರೇನು?" ಎಂದರು.

ಅವರ ತುಟಿ ಅಲ್ಲಾಡಿದ್ದು ಕಂಡಿತು, ದನಿ ಮಾತ್ರ ಆ ಹುಡುಗನದು. ಆರು ತಿಂಗಳಿಂದ ಕೇಳುತ್ತಿದ್ದದ್ದು. ನಾನು ಕಾಟಿನ ಮೇಲೆ ಎದ್ದು ಕುಳಿತೆ.

"ಇವ್ರು ಕೇಳ್ಯಾರ್ರಿ. ಹ್ವಾದ ಸಲ ಆ ಹುಡುಗನೂ ಕೇಳಿದ್ದ ರೀ, ಅಲ್ಲೇ ನಿಂತಾರ ನೋಡ್ರಿ, ಅವ್ರು. ನಾ ಇಲ್ಲ ಅಂದಿದ್ನಿ. ನಿಮ್ಮ ಮುಂದ, ಕೇಳಲಿಲ್ಲ ಅಂದ್ನಿ. ಅವ್ರ ಕೇರಿ ಯಾವದಂತ ತಿಳಕೊಂಡು ಹಂಗ ಅಂದ್ನಿರೀ."

ಇಡೀ ವಾರ್ಡು ಸುಮ್ಮನಾಯಿತು. ನರ್ಸಮ್ಮ ಬಟ್ಟಲು ಹಿಡಿದು ನಿಂತಲ್ಲೇ ನಿಂತಳು. ಪರದೆಯ ಆಚೆ ಯಮನಪ್ಪನ ಕೈ ತಾಜಬಿಯ ಹೊಟ್ಟೆಯ ಮೇಲಿತ್ತು. ಎಲ್ಲರೂ ಅವನನ್ನು ನೋಡುತ್ತಿದ್ದರು. ಅವನು ತಲೆ ಎತ್ತಲಿಲ್ಲ. ಕೈಯೂ ಆಡಲಿಲ್ಲ. ಅವನ ಅರ್ಧ ತಾಸು ಓಡುತ್ತಿತ್ತು.

"ಇದು ಪರೀಕ್ಷಾ ಐತಿ. ನಿಮ್ಮ ಪಂಚಾಯ್ತಿ ಹೊರಗಿಟ್ಕೋರಿ" ಎಂದರು ಪರೀಕ್ಷಕರು. ಏಪ್ರಿಲ್‌ನದು ಮುಗಿದ ಕಾಗದ, ಅದನ್ನು ಯಾರೂ ತೆರೆಯುವುದಿಲ್ಲ ಎಂದೂ ಅಂದರು. ಹುಲಗಪ್ಪ ನನ್ನ ರಟ್ಟೆ ಹಿಡಿದು ವರಾಂಡಕ್ಕೆ ಕರೆದುಕೊಂಡು ಹೋದ. "ಇಷ್ಟ ದಿನಾ ತಡದ್ರಿ, ಇನ್ನ ಹತ್ತ ನಿಮಿಷ ತಡಕೊಳ್ಳಾಕ ಏನಾಗಿತ್ರೀ ನಿಮಗ?" ಎಂದ.

ಎದೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಈಗ ಆ ಪ್ರಶ್ನೆ ಕೇಳುತ್ತಿಲ್ಲ, ಖರೇ. ಅದರ ಬದಲು ವಾರ್ಡಿನ ಆ ನಿಶ್ಶಬ್ದ ಬಂದು ಕುಳಿತಿದೆ. ಹಗಲೆಲ್ಲ, ಅಂಗಡಿಯ ಗದ್ದಲದ ನಡುವೆಯೂ, ಮೌನವೇ ಕೇಳುತ್ತದೆ.

ಅವನಿಗೆ ಎರಡು ಪತ್ರ ಹಾಕಿದ್ದೇನೆ. ಉತ್ತರವಿಲ್ಲ.

ಕುಬೇರಪ್ಪ


ಹುಬ್ಬಳ್ಳಿ
೬ ನವೆಂಬರ್ ೧೯೬೩

ಶ್ರೀ ಕುಬೇರಪ್ಪನವರಿಗೆ,

ನಿಮ್ಮ ಎರಡೂ ಪತ್ರ ಮುಟ್ಟಿವೆ. ನಿನ್ನೆ ಫಲಿತಾಂಶ ಬಂತು. ಪಾಸಾಗಿದ್ದೇನೆ.

ಅವತ್ತು ನೀವು ಎದ್ದು ಕುಳಿತು ಮಾತಾಡಿದಾಗ ನನಗೆ ಹದಿಮೂರು ನಿಮಿಷ ಉಳಿದಿದ್ದವು. ಕೈಯ ಕೆಳಗಿದ್ದದ್ದು ಗುಲ್ಮವೋ ಮೂತ್ರಪಿಂಡವೋ ಎಂದು ಬೆರಳಿಗೆ ತಿಳಿಯುತ್ತಿರುವಾಗಲೇ ಎಲ್ಲ ತಿಳಿಯದಾಯಿತು. ನನ್ನ ಕೇರಿಯನ್ನು ಇಡೀ ವಾರ್ಡು ಒಂದೇ ಸಲಕ್ಕೆ ನೋಡಿತು. ತಾಜಬಿಯವರು ನನ್ನ ಮಣಿಕಟ್ಟು ಹಿಡಿದುಕೊಂಡು, "ಕೈ ತಣ್ಣಗಾತಲ್ಲೋ ಬೇಟಾ, ಉಜ್ಜಿಕೋ. ಆಮ್ಯಾಲೆ ಕೇಳು, ನಾ ಎಲ್ಲಾ ಹೇಳ್ತೇನಿ" ಎಂದರು. ಕೈ ಉಜ್ಜಿಕೊಂಡೆ. ಮತ್ತೆ ಮೊದಲಿನಿಂದ ಕೇಳಿದೆ, ಒಂದೊಂದೇ ಸಲ. ಎಲ್ಲ ಹೇಳಿದರು.

ನಿಮಗೆ ಒಂದು ಸಂಗತಿ ತಿಳಿಸಬೇಕು. ಏಪ್ರಿಲ್‌ನಲ್ಲಿ ನೀವು "ಇಲ್ಲ" ಎಂದಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು. ನೀವು ಮುಷ್ಟಿ ಬಿಗಿದದ್ದನ್ನೂ ನೋಡಿದ್ದೆ. ಕರಡಿಗೆ ಸರಿಸಿರಿ ಎನ್ನಬೇಕಿತ್ತು, ಎನ್ನಲಿಲ್ಲ. ಮತ್ತೊಮ್ಮೆ ಕೇಳಬೇಕಿತ್ತು, ಕೇಳಲಿಲ್ಲ. ಆ ತಪ್ಪು ನನ್ನದು. ಅದನ್ನು ತಿದ್ದಿಕೊಳ್ಳಲೆಂದೇ ಮೂರು ಸಲ ಕೇಳುವ ರೂಢಿ ಹಚ್ಚಿಕೊಂಡೆ. ಮೇ ತಿಂಗಳ ಪತ್ರದಲ್ಲಿ ನಿಮ್ಮನ್ನು ಒಮ್ಮೆ ಕೇಳಿದೆ. ವಖಾರಿಯಲ್ಲಿ ಒಮ್ಮೆ. ಸೆಪ್ಟೆಂಬರ್‌ನಲ್ಲಿ ಒಮ್ಮೆ. ಹೇಳಲು ಕಷ್ಟವಾಗುವ ರೋಗಿಗೆ ಜಾಗ ಬಿಟ್ಟು ಕೇಳಬೇಕೆಂದು ನಮ್ಮ ಪ್ರೊಫೆಸರರು ಕಲಿಸಿದ್ದಾರೆ, ಹಾಗೆಯೇ ಕೇಳಿದೆ. ಮೂರೂ ಸಲ ನೀವು ನನ್ನ ವೇಳಾಪಟ್ಟಿ ತಿದ್ದಿದಿರಿ.

ಕೇಳುತ್ತ ಕೇಳುತ್ತ ಒಮ್ಮೊಮ್ಮೆ ನನಗೇ ಸಂಶಯ ಬಂತು, ನಾನು ಖರೇ ಕೇಳಿದ್ದೆನೇ ಎಂದು. ವಾರ್ಡಿನಲ್ಲಿ ರೋಗಿ ಬಾಯಿ ತೆರೆದಾಗ, ಇವರೂ ಸುಳ್ಳು ಹೇಳುತ್ತಾರೆ ಎಂದು ಮನಸ್ಸು ಮೊದಲೇ ಅನ್ನುತ್ತಿತ್ತು. ನಪಾಸಾದದ್ದಕ್ಕಿಂತ ಅದು ಹೆಚ್ಚು ಅಂಜಿಕೆ ತಂದಿತು. ಡಾಕ್ಟರನಿಗೆ ಅದು ಬಂದರೆ ಮುಗಿಯಿತು. ತಾಜಬಿಯವರಿಂದ ಹೋಯಿತೋ, ಇಲ್ಲ ಇನ್ನೂ ಎಲ್ಲೋ ಒಳಗಿದೆಯೋ, ನೋಡಬೇಕು.

ಕ್ಷಮಿಸು ಎಂದು ಎರಡೂ ಪತ್ರದಲ್ಲಿ ಬರೆದಿದ್ದೀರಿ. ಅದಕ್ಕೆ ನನ್ನಲ್ಲಿ ಈಗ ಉತ್ತರವಿಲ್ಲ. ಇನ್ನು ಪತ್ರ ಬರೆಯಬೇಡಿರಿ.

ಪರೀಕ್ಷೆಯ ದಿನ ನಿಮ್ಮ ಉಸಿರು ಪರದೆಯ ಈಚೆಗೂ ಕೇಳುತ್ತಿತ್ತು. ಪಾದದ ಬಾವು ಏರಿದೆ ಎಂದು ಹುಲಗಪ್ಪ ಹೇಳಿದ. ಅರ್ಧ ತಾಸಿನ ರೋಗಿಯಾಗಿ ಮಲಗಿ ಹೋಗುವುದು ಬೇರೆ, ರೋಗ ವಾಸಿ ಮಾಡಿಕೊಳ್ಳುವುದು ಬೇರೆ. ಇಷ್ಟು ವರ್ಷ ನಿಮ್ಮ ಎದೆ ಕೇಳಿದವರಲ್ಲಿ ಯಾರೂ ನಿಮಗೆ ಔಷಧ ಬರೆದುಕೊಟ್ಟಿಲ್ಲ.

ಬರುವ ವಾರದಿಂದ ನಾನು ಹೊರರೋಗಿಗಳ ಕೋಣೆಯಲ್ಲಿರುತ್ತೇನೆ, ಮಂಗಳವಾರ ಮತ್ತು ಶುಕ್ರವಾರ, ಮುಂಜಾನೆ ಒಂಬತ್ತರಿಂದ. ಚೀಟಿ ಮಾಡಿಸಿ ಸಾಲಿನಲ್ಲಿ ನಿಲ್ಲಿರಿ. ನನ್ನ ಕೈಗೆ ತೋರಿಸಲು ಮನಸ್ಸಿಲ್ಲದಿದ್ದರೆ ಪಕ್ಕದ ಮೇಜಿನಲ್ಲಿ ಬೇರೆ ಡಾಕ್ಟರರಿದ್ದಾರೆ, ಆ ಸಾಲು ಬೇರೆ. ನನ್ನ ಸಾಲಿಗೆ ಬಂದರೆ ನಿಮ್ಮ ಹೆಸರು, ಊರು, ಎಷ್ಟು ದಿನದಿಂದ ತೊಂದರೆ ಎಂಬಲ್ಲಿಂದ ಶುರು ಮಾಡುತ್ತೇನೆ.

ಒಂದೇ ಸಲ ಕೇಳುತ್ತೇನೆ.

ಯಮನಪ್ಪ ಗಂಗಪ್ಪ